ಉಂಗುರ ಬೆರಳಿಗೂ ಲಿಥಿಯಂ ಗುಳಿಗೆಗೂ ಏನು ನಂಟು?

ಡೆಟ್ರಾಯಿಟ್‌ನಿಂದ ವಾಯವ್ಯಕ್ಕೆ ಸುಮಾರು 40 ಕಿಲೊಮೀಟರ್ ದೂರದ ನಾರ್ತ್‌ವಿಲ್, ಕಾರು ಕಂಪನಿಗಳ ನೌಕರಿ ಹಿಡಿದು ಬಂದ ಭಾರತೀಯರು ಮನೆ ಮಾಡಿಕೊಂಡಿರುವ ಊರುಗಳ ಸಾಲಿನಲ್ಲಿ ಒಂದು. ಅಲ್ಲಿಯ ಸೆವೆನ್ ಮೈಲ್ ರಸ್ತೆಯ ಪಕ್ಕದಲ್ಲಿ 1952ರಿಂದ 2003ರವರೆಗೆ ಸರ್ಕಾರದ ದೊಡ್ಡ ಮನೋರೋಗ ಆಸ್ಪತ್ರೆ ಇತ್ತು. 1956ರಲ್ಲಿ ಅದೇ ಊರಿನಲ್ಲಿ ಮಕ್ಕಳಿಗೆಂದೇ ಹಾಥಾರ್ನ್ ಸೆಂಟರ್ ಶುರುವಾಯಿತು. ದೊಡ್ಡವರ ಆಸ್ಪತ್ರೆಯ ಕಟ್ಟಡಗಳನ್ನು ಕೆಡವಿಯಾಗಿದೆ. ಅಲ್ಲಿ ಅರ್ಧ ಶತಮಾನ ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡಿದವರ ಮನೆಯವರು ವೈದ್ಯರ ಮುಂದೆ ಇಟ್ಟಿದ್ದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ: ‘ಇವರಿಗೆ ಯಾವ ಔಷಧಿ ನಾಟುತ್ತದೆ?’

ಈ ಪ್ರಶ್ನೆಗೆ ಉತ್ತರ ಮೈಮೇಲೆಯೇ ಬರೆದಿರಬಹುದೇ ಎಂದು ಕೆಲವು ಸಂಶೋಧಕರು ಕೇಳುತ್ತ ಬಂದಿದ್ದಾರೆ. ಗರ್ಭದಲ್ಲಿದ್ದಾಗ ಮಗುವನ್ನು ಮುಟ್ಟಿದ ಹಾರ್ಮೋನುಗಳು ಬೆರಳುಗಳ ಉದ್ದದಲ್ಲೋ ಅಂಗೈಯ ಗೆರೆಗಳಲ್ಲೋ ಗುರುತು ಬಿಟ್ಟಿದ್ದರೆ, ಅದೇ ಹಾರ್ಮೋನುಗಳು ಮಿದುಳನ್ನೂ ತಿದ್ದಿದ್ದರೆ, ಬೆರಳು ಅಳೆದು ಔಷಧಿ ಆರಿಸಬಹುದಲ್ಲವೇ ಎಂಬುದು ಅವರ ತರ್ಕ. ಅಂಗೈ ನೋಡಿ ಆಯುಸ್ಸು, ವಿದ್ಯೆ, ವಿದೇಶಯೋಗ ಹೇಳುವವರನ್ನು ಕಂಡು ಬೆಳೆದ ನಮಗೆ ಇದು ತೀರಾ ಹೊಸ ಮಾತೇನಲ್ಲ. ಜೋಯಿಸರ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದನ್ನು ಅಳೆದು ನೋಡಬಹುದು, ಸುಳ್ಳಾದರೆ ಸುಳ್ಳೆಂದು ತೋರಿಸಬಹುದು. ಕಾಲು ಶತಮಾನದ ಅಳತೆಗಳಿಂದ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂಬುದೇ ಈ ಸಮೀಕ್ಷೆ.

ಕಾಯುವ ಕಾಯಿಲೆ

ಉನ್ಮಾದ ಖಿನ್ನತೆಗಳ ನಡುವೆ ತೂಗಾಡಿಸುವ ಈ ಕಾಯಿಲೆಯ ಹೆಸರು ಬೈಪೋಲಾರ್. ಅದು ದಿನಕ್ಕೆ ನಾಲ್ಕು ಸಲ ಮೂಡು ಬದಲಾಗುವ ಸ್ವಭಾವವಲ್ಲ. ವಾರಗಟ್ಟಲೆ ನಿದ್ದೆಯೇ ಬೇಡವೆನಿಸಿ, ಮಾತು ಓಡಿ, ಹಣ ಚೆಲ್ಲಿ, ತನ್ನಿಂದ ಆಗದ್ದು ಯಾವುದೂ ಇಲ್ಲ ಎನ್ನುವ ಉನ್ಮಾದ ಒಂದು ತುದಿ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ ಇನ್ನೊಂದು ತುದಿ. ಎರಡರ ನಡುವೆ ಎಲ್ಲರಂತೆ ಇರುವ ದಿನಗಳೂ ಉಂಟು. ‘ಈಗ ಚೆನ್ನಾಗೇ ಇದ್ದಾನಲ್ಲ’ ಎಂದು ಮನೆಯವರು ಗುಳಿಗೆ ನಿಲ್ಲಿಸುವುದು ಈ ದಿನಗಳಲ್ಲೇ.

ಇದಕ್ಕಿರುವ ಹಳೆಯ ಮತ್ತು ಇಂದಿಗೂ ಮುಖ್ಯವಾದ ಔಷಧಿ ಲಿಥಿಯಂ. ಕಲ್ಲಿನಲ್ಲಿ, ನೀರಿನಲ್ಲಿ ಸಿಗುವ ಒಂದು ಸರಳ ಲವಣ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಹತ್ತು ಉನ್ಮಾದ ರೋಗಿಗಳಿಗೆ ಅದನ್ನು ಕೊಟ್ಟು ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳು ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಬಳಸಿ ಸತ್ತಾಗ ಅಲ್ಲಿ ಅದಕ್ಕೆ ನಿಷೇಧ ಬಿತ್ತು. ಔಷಧಿಯಾಗಿ ಅಮೆರಿಕದ ಒಪ್ಪಿಗೆ ಸಿಗಲು 1970ರವರೆಗೆ ಕಾಯಬೇಕಾಯಿತು.

ಲಿಥಿಯಂ ತೆಗೆದುಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಅದು ಕಾಯಿಲೆಯನ್ನೇ ಒರೆಸಿ ಹಾಕಿದಂತೆ ಕೆಲಸ ಮಾಡುತ್ತದೆ. ಉಳಿದವರಲ್ಲಿ ಕೆಲವರಿಗೆ ಅರ್ಧಂಬರ್ಧ, ಕೆಲವರಿಗೆ ಏನೂ ಇಲ್ಲ. ಯಾರು ಯಾವ ಗುಂಪಿನವರು ಎಂದು ತಿಳಿಯಲು ವರ್ಷಗಳೇ ಬೇಕು, ಏಕೆಂದರೆ ಉನ್ಮಾದ ಮತ್ತೆ ಬರಲಿಲ್ಲ ಎಂದು ಹೇಳಬೇಕಾದರೆ ಅದು ಬರಬೇಕಾಗಿದ್ದ ಕಾಲ ಕಳೆಯಬೇಕು. ಆ ವರ್ಷಗಳಲ್ಲಿ ನೌಕರಿ ಹೋಗಬಹುದು, ಮದುವೆ ಮುರಿಯಬಹುದು, ಜೀವವೇ ಹೋಗಬಹುದು. ಮೊದಲೇ ತಿಳಿಸುವ ಕುರುಹೊಂದು ಬೇಕು ಎಂಬ ಹಂಬಲ ಹುಟ್ಟಿದ್ದು ಈ ಕಾಯುವಿಕೆಯಿಂದ.

ಬೆರಳಿಗೂ ಬಸಿರಿಗೂ

ನಿಮ್ಮ ಬಲಗೈ ಚಾಚಿ ನೋಡಿ. ತೋರುಬೆರಳು ಉದ್ದವೋ, ಉಂಗುರ ಬೆರಳು ಉದ್ದವೋ? ಗಂಡಸರಲ್ಲಿ ಸಾಮಾನ್ಯವಾಗಿ ಉಂಗುರ ಬೆರಳು ಒಂದಿಷ್ಟು ಮುಂದೆ. ಹೆಂಗಸರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹತ್ತೊಂಬತ್ತನೆಯ ಶತಮಾನದ ಅಂಗರಚನಾ ತಜ್ಞರೇ ಇದನ್ನು ಗಮನಿಸಿದ್ದರು. ತೋರುಬೆರಳಿನ ಉದ್ದವನ್ನು ಉಂಗುರ ಬೆರಳಿನ ಉದ್ದದಿಂದ ಭಾಗಿಸಿ ಬರುವ ಸಂಖ್ಯೆಯನ್ನು ಗರ್ಭಕಾಲದ ಹಾರ್ಮೋನಿನ ಗುರುತಾಗಿ ಬಳಸಬಹುದು ಎಂದು 1998ರಲ್ಲಿ ವಾದಿಸಿ ಈ ಅಳತೆಗೆ ಹೆಸರು ತಂದವರು ಬ್ರಿಟನ್ನಿನ ಜಾನ್ ಮ್ಯಾನಿಂಗ್.

ವಾದದ ಹಿಂದೆ ಜೀವವಿಜ್ಞಾನದ ಆಧಾರವಿದೆ. ಬೆರಳುಗಳು ಮೂಡುವುದನ್ನು ನಿಯಂತ್ರಿಸುವ ಹಾಕ್ಸ್ ವಂಶವಾಹಿಗಳೇ ಜನನಾಂಗಗಳ ರಚನೆಯಲ್ಲೂ ಕೈಯಾಡಿಸುತ್ತವೆ. ಗಂಡು ಭ್ರೂಣದ ವೃಷಣಗಳು ಮೊದಲ ಮೂರು ತಿಂಗಳು ಮುಗಿಯುವ ಮೊದಲೇ ಟೆಸ್ಟೋಸ್ಟಿರೋನ್ ಸುರಿಸತೊಡಗುತ್ತವೆ. ಬೆರಳಿನ ಮೂಳೆಗಳು ರೂಪುಗೊಳ್ಳುವುದೂ ಅದೇ ಕಾಲದಲ್ಲಿ. 2011ರಲ್ಲಿ ಫ್ಲೋರಿಡಾದ ಝೆಂಗ್ ಮತ್ತು ಕೋನ್ ಇಲಿಗಳಲ್ಲಿ ತೋರಿಸಿದಂತೆ ಟೆಸ್ಟೋಸ್ಟಿರೋನ್ ಮತ್ತು ಈಸ್ಟ್ರೋಜನ್ ಎರಡನ್ನೂ ಹಿಡಿದಿಟ್ಟುಕೊಳ್ಳುವ ಗ್ರಾಹಕಗಳು ನಮ್ಮ ಉಂಗುರ ಬೆರಳಿಗೆ ಸಮನಾದ ನಾಲ್ಕನೆಯ ಬೆರಳಿನಲ್ಲಿ ಹೆಚ್ಚು. ಹಾರ್ಮೋನಿನ ಪ್ರಮಾಣವನ್ನು ತಿರುಚಿದರೆ ಆ ಬೆರಳಿನ ಉದ್ದವೂ ಬದಲಾಯಿತು. 2004ರಲ್ಲಿ ಕೇಂಬ್ರಿಜ್‌ನ ತಂಡ 33 ಮಕ್ಕಳಲ್ಲಿ ಗರ್ಭಜಲದ ಹಾರ್ಮೋನಿಗೂ ಎರಡು ವರ್ಷದ ವಯಸ್ಸಿನ ಬೆರಳಿನ ಅನುಪಾತಕ್ಕೂ ನಂಟು ಕಂಡಿತು.

ಇಷ್ಟು ಓದಿದರೆ ಕೈ ಹಿಡಿದು ಅಳೆಯೋಣ ಅನಿಸುತ್ತದೆ. ತೊಡಕು ಶುರುವಾಗುವುದು ಅಳೆಯಲು ಕೂತಾಗ. ಗಂಡು ಹೆಣ್ಣುಗಳ ಸರಾಸರಿ ಅನುಪಾತಗಳ ನಡುವಿನ ಅಂತರ ಎರಡನೆಯ ದಶಾಂಶ ಸ್ಥಾನದಲ್ಲಿದೆ. ಏಳು ಸೆಂಟಿಮೀಟರ್ ಉದ್ದದ ಬೆರಳಿನಲ್ಲಿ 0.01 ಎಂದರೆ 0.7 ಮಿಲಿಮೀಟರ್. ಬೆರಳಿನ ಬುಡದ ಗೆರೆ ಎಲ್ಲಿ ಶುರು ಎಂದು ಇಬ್ಬರು ಅಳೆಯುವವರು ಜಗಳವಾಡಿದರೆ ಅಷ್ಟು ತಪ್ಪು ಅಲ್ಲೇ ಆಗಿಹೋಗುತ್ತದೆ. ಕೈಯನ್ನು ಜೆರಾಕ್ಸ್ ಯಂತ್ರದ ಗಾಜಿಗೆ ಒತ್ತಿ ಅಳೆದರೆ ಬರುವ ಸಂಖ್ಯೆಯೇ ಬೇರೆ, ಕ್ಯಾಲಿಪರ್ ಹಿಡಿದು ಅಳೆದರೆ ಬರುವುದೇ ಬೇರೆ. ಮೇಲಾಗಿ ಒಂದು ಜನಸಮುದಾಯಕ್ಕೂ ಇನ್ನೊಂದಕ್ಕೂ ಇರುವ ಅಂತರ, ಗಂಡು ಹೆಣ್ಣಿನ ಅಂತರಕ್ಕಿಂತ ದೊಡ್ಡದು ಎಂದು ಮ್ಯಾನಿಂಗರ ತಂಡವೇ ಹೇಳಿದೆ. ಮಿಷಿಗನ್ನಿನ ಬಿಳಿಯರಲ್ಲಿ ಸಿಕ್ಕ ಗಡಿಸಂಖ್ಯೆಯನ್ನು ಮಂಡ್ಯದವರ ಕೈಗೆ ತಂದು ಹಚ್ಚುವಂತಿಲ್ಲ.

2010ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಬಲಗೈಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಖಚಿತವಾಗಿ ಇದೆ, ಆದರೆ ಸಾಧಾರಣ ಪ್ರಮಾಣದ್ದು ಎಂದು ಕಂಡಿತು. ಬಿಡಿಸಿ ಹೇಳಿದರೆ, ಪರದೆಯ ಹಿಂದೆ ಒಬ್ಬ ಗಂಡಸು ಒಬ್ಬ ಹೆಂಗಸು ಕೂತು ಕೈ ಮಾತ್ರ ಹೊರಗೆ ಚಾಚಿದ್ದಾರೆ ಅಂದುಕೊಳ್ಳಿ. ಅನುಪಾತ ನೋಡಿ ಯಾರು ಗಂಡಸು ಎಂದು ನೂರು ಜೋಡಿಗಳಲ್ಲಿ ಊಹಿಸಿದರೆ ಸುಮಾರು 63 ಸಲ ಸರಿಯಾಗಬಹುದು. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತಿತ್ತು. ಗಂಡೋ ಹೆಣ್ಣೋ ಎಂಬುದನ್ನೇ ಹೇಳಲು ಇಷ್ಟು ಪರದಾಡುವ ಬೆರಳು, ಮನಸ್ಸಿನ ಕಾಯಿಲೆಯ ಔಷಧಿ ಹೇಳಬೇಕೆಂದರೆ ಎಷ್ಟು ಪರದಾಡಬೇಕು!

ಇನ್ನೂ ಗಟ್ಟಿಯಾದ ಪೆಟ್ಟು 2009ರಲ್ಲಿ ಶೆರಿ ಬೆರೆನ್‌ಬಾಮ್ ಮತ್ತು ಸಂಗಡಿಗರ ಅಧ್ಯಯನದಿಂದ ಬಿತ್ತು. ವಂಶವಾಹಿಯ ಲೆಕ್ಕದಲ್ಲಿ ಗಂಡಾಗಿದ್ದರೂ ದೇಹ ಟೆಸ್ಟೋಸ್ಟಿರೋನ್‌ಗೆ ಚೂರೂ ಸ್ಪಂದಿಸದ ಕಾರಣ ಹೆಣ್ಣಾಗಿ ಬೆಳೆಯುವ ಅಪರೂಪದ ವ್ಯಕ್ತಿಗಳಿದ್ದಾರೆ. ಅವರ ಬೆರಳುಗಳ ಸರಾಸರಿ ಅನುಪಾತ ಹೆಂಗಸರಂತೆಯೇ ಇತ್ತು; ಇಲ್ಲಿಗೆ ಮ್ಯಾನಿಂಗ್ ವಾದಕ್ಕೆ ಜಯ. ಆದರೆ ಅವರವರ ನಡುವಿನ ವ್ಯತ್ಯಾಸ ಬೇರೆಯವರಲ್ಲಿ ಇರುವಷ್ಟೇ ಇತ್ತು. ಟೆಸ್ಟೋಸ್ಟಿರೋನ್ ಏನೂ ಮಾಡಲಾಗದ ದೇಹಗಳಲ್ಲೂ ಬೆರಳುಗಳು ಇಷ್ಟು ಬಗೆಯಾಗಿದ್ದರೆ, ಆ ಬಗೆಗಳಿಗೆ ಕಾರಣ ಬೇರೆ ಏನೋ ಇರಲೇಬೇಕು. ಅಂದರೆ ಬೆರಳಿನ ಅನುಪಾತ ಸಾವಿರ ಜನರ ಗುಂಪಿನ ಬಗ್ಗೆ ಪಿಸುಗುಟ್ಟೀತು. ಎದುರಿಗೆ ಕೂತ ಒಬ್ಬರ ಬಗ್ಗೆ ಸಾಕ್ಷಿ ನುಡಿಯಲಾರದು.

ಗೆರೆ, ಸುಳಿ, ಕಿವಿ

ಗರ್ಭಕಾಲ ಬಿಟ್ಟುಹೋಗುವ ಗುರುತುಗಳು ಬೆರಳಿನ ಉದ್ದಕ್ಕೆ ಮುಗಿಯುವುದಿಲ್ಲ. ಬೆರಳ ತುದಿಯ ಗೆರೆಗಳು ಮೂರನೆಯ ತಿಂಗಳಿನಿಂದ ಐದನೆಯ ತಿಂಗಳೊಳಗೆ ಮೂಡಿ ಮತ್ತೆ ಬದಲಾಗುವುದಿಲ್ಲ. ಚರ್ಮವೂ ಮಿದುಳೂ ಭ್ರೂಣದ ಒಂದೇ ಹೊರಪದರದಿಂದ ಬೆಳೆಯುವುದರಿಂದ, ಆ ವಾರಗಳಲ್ಲಿ ತಾಯಿಗೆ ಆದ ಸೋಂಕು ಅಥವಾ ಆಹಾರದ ಕೊರತೆ ಎರಡರ ಮೇಲೂ ಅಚ್ಚೊತ್ತಬಹುದು ಎಂಬುದು ಲೆಕ್ಕಾಚಾರ. ಇನ್ನು ಕಿವಿ ಕೆಳಗಿಳಿದಿರುವುದು, ಅಂಗುಳ ಎತ್ತರವಾಗಿ ಕಮಾನಿನಂತಿರುವುದು, ನೆತ್ತಿಯಲ್ಲಿ ಎರಡು ಸುಳಿ ಇರುವುದು ಇಂಥ ಸಣ್ಣಪುಟ್ಟ ಗುರುತುಗಳನ್ನು ಎಣಿಸುವ ವಾಲ್‌ಡ್ರಾಪ್ ಪಟ್ಟಿ 1968ರಷ್ಟು ಹಳೆಯದು. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎನ್ನುವ ನಮ್ಮ ಅಜ್ಜಿಯರ ಪಟ್ಟಿ ಅದಕ್ಕಿಂತ ಹಳೆಯದು!

ಇಂಥ ಕುರುಹುಗಳ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೆಲಸ ನಡೆದಿದೆ. ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಸಣ್ಣ ಅಂಗವ್ಯತ್ಯಾಸಗಳನ್ನೂ ನರವ್ಯೂಹದ ಸೂಕ್ಷ್ಮ ಚಿಹ್ನೆಗಳನ್ನೂ ಒಟ್ಟಿಗೆ ಅಳೆದ ಅಧ್ಯಯನ 2008ರಲ್ಲಿ ಬಂತು. ಡಾ. ಜಿ. ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು 2011ರಲ್ಲಿ ಬಲಗೈ ಎಡಗೈಗಳ ಬೆರಳಿನ ಅನುಪಾತದ ಏರುಪೇರಿಗೂ, ‘ಯಾರೋ ನನ್ನ ಯೋಚನೆಗಳನ್ನು ಆಡಿಸುತ್ತಿದ್ದಾರೆ’ ಎಂಬಂಥ ಲಕ್ಷಣಗಳಿಗೂ ಇರುವ ನಂಟನ್ನು ಪರಿಶೀಲಿಸಿದರು. ಅವರ ಆಸಕ್ತಿ ಮಿದುಳಿನ ಎಡ ಬಲ ಭಾಗಗಳು ಗರ್ಭದಲ್ಲಿ ಹೇಗೆ ಬೇರೆಬೇರೆಯಾಗಿ ಬೆಳೆಯುತ್ತವೆ ಎಂಬುದರಲ್ಲಿತ್ತು. ಕೈ ಅಳೆಯುವ ವಿದ್ಯೆಗೆ ಸರಿಯಾದ ಜಾಗ ಇದೇ ಅನಿಸುತ್ತದೆ: ಕಾಯಿಲೆಯ ಬೇರು ಯಾವ ಕಾಲಕ್ಕೆ ಊರಿತು ಎಂದು ಹುಡುಕುವವರಿಗೆ ಅದೊಂದು ಅಗ್ಗದ ಸಲಕರಣೆ. ಔಷಧಿ ಬರೆಯುವವರ ಮೇಜಿಗೆ ಬಂದಾಗ ಅದರ ಕತೆ ಬೇರೆ.

ಮೂರು ಕೊಂಡಿ

ಬೆರಳಿನಿಂದ ಗುಳಿಗೆಗೆ ಹೋಗಲು ಮೂರು ಕೊಂಡಿಗಳ ಸರಪಳಿ ಬೇಕು. ಬೆರಳು ಗರ್ಭದ ಹಾರ್ಮೋನನ್ನು ಸರಿಯಾಗಿ ಹೇಳಬೇಕು. ಆ ಹಾರ್ಮೋನು ಬೈಪೋಲಾರ್ ಕಾಯಿಲೆಯ ಬಗೆಯನ್ನು ನಿರ್ಧರಿಸಿರಬೇಕು. ಆ ಬಗೆಯೇ ಔಷಧಿ ನಾಟುವುದನ್ನು ತೀರ್ಮಾನಿಸಬೇಕು. ಮೊದಲ ಕೊಂಡಿಯ ಸಡಿಲನ್ನು ಆಗಲೇ ನೋಡಿದೆವು.

ಎರಡನೆಯದರಲ್ಲಿ ಒಂದು ಸುಳಿವೇನೋ ಇದೆ. ತೀವ್ರ ಬಗೆಯ ಬೈಪೋಲಾರ್ ಗಂಡು ಹೆಣ್ಣಿಗೆ ಹೆಚ್ಚುಕಡಿಮೆ ಸಮವಾಗಿ ಬರುತ್ತದೆ. ಆದರೆ ಖಿನ್ನತೆಯ ಸರದಿಗಳು, ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಏರಿಳಿಯುವ ಬಗೆ ಹೆಂಗಸರಲ್ಲಿ ಜಾಸ್ತಿ. ಇದಕ್ಕೆ ಗರ್ಭಕಾಲದ ಹಾರ್ಮೋನು ಕಾರಣವೋ, ಪ್ರಾಯದ ಹಾರ್ಮೋನು ಕಾರಣವೋ, ಥೈರಾಯ್ಡೋ, ಬದುಕಿನ ಹೊರೆಯೋ ಎಂದು ಬೆರಳಿನಿಂದ ಬೇರ್ಪಡಿಸಲಾಗದು. ಮೂರನೆಯ ಕೊಂಡಿಗೆ ಬಂದರೆ, ಲಿಥಿಯಂ ನಾಟುವುದರಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಗಂಡಾಗಿ ಹುಟ್ಟುವುದು ಹೆಣ್ಣಾಗಿ ಹುಟ್ಟುವುದು ಎಂಬ ಅಷ್ಟು ದೊಡ್ಡ ಹಾರ್ಮೋನಿನ ವ್ಯತ್ಯಾಸವೇ ಲಿಥಿಯಂ ಫಲವನ್ನು ಬದಲಿಸದಿದ್ದರೆ, ಅದರ ಮಸುಕಾದ ನೆರಳಿನಂತಿರುವ ಬೆರಳಿನ ಅರ್ಧ ಮಿಲಿಮೀಟರ್ ಬದಲಿಸುವುದೆಂತು?

ಲೆಕ್ಕದ ಪುಸ್ತಕದ ರೀತಿಯಲ್ಲೂ ನೋಡಬಹುದು. ಮೂರೂ ಕೊಂಡಿಗಳಿಗೆ ಉದಾರವಾಗಿ 0.3ರಷ್ಟು ಸಂಬಂಧವಿದೆ ಅಂದುಕೊಳ್ಳೋಣ. ಮೂರನ್ನೂ ಗುಣಿಸಿದರೆ ತುದಿಯಿಂದ ತುದಿಗೆ ಉಳಿಯುವುದು 0.027. ಔಷಧಿ ನಾಟುವುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸಾವಿರದಲ್ಲಿ ಒಂದು ಪಾಲನ್ನೂ ಅದು ವಿವರಿಸದು.

ಇದಕ್ಕಿಂತ ಎಷ್ಟೋ ಬಲವಾದ ಕುರುಹು ಸಿಕ್ಕಿತು ಅಂದುಕೊಂಡರೂ ಕಷ್ಟ ತಪ್ಪದು. ನೂರು ರೋಗಿಗಳಲ್ಲಿ 30 ಮಂದಿಗೆ ಲಿಥಿಯಂ ಚೆನ್ನಾಗಿ ನಾಟುತ್ತದೆ. ನಮ್ಮ ಕುರುಹು ಎರಡೂ ಬಗೆಯವರನ್ನು ನೂರಕ್ಕೆ 70ರಷ್ಟು ಸರಿಯಾಗಿ ಗುರುತಿಸುತ್ತದೆ ಎನ್ನಿ. ಆಗ ನಾಟುವವರಲ್ಲಿ 21 ಮಂದಿಗೆ ‘ಹೌದು’ ಎನ್ನುತ್ತದೆ. ನಾಟದ 70 ಮಂದಿಯಲ್ಲೂ 21 ಮಂದಿಗೆ ‘ಹೌದು’ ಎನ್ನುತ್ತದೆ. ‘ಹೌದು’ ಎನಿಸಿಕೊಂಡ 42 ಜನರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಅದು ನಿಜ. ನಾಣ್ಯ ಚಿಮ್ಮಿದಂತೆಯೇ ಆಯಿತು. ಇದಕ್ಕಿಂತ ಕೆಟ್ಟದ್ದೆಂದರೆ, ‘ಬೇಡ’ ಎನಿಸಿಕೊಂಡವರಲ್ಲಿ ಒಂಬತ್ತು ಮಂದಿ ತಮ್ಮ ಬದುಕು ನೆಟ್ಟಗಾಗಿಸಬಹುದಾಗಿದ್ದ ಗುಳಿಗೆಯಿಂದ ವಂಚಿತರಾಗುತ್ತಾರೆ.

ಐ-94 ಹೆದ್ದಾರಿಯ ಪಾಠಗಳು

ಕುರುಹಿನ ಬೆನ್ನು ಹತ್ತಿ ಹೋಗಿ ಬರಿಗೈಲಿ ಬಂದ ಕತೆಗಳಿಗೆ ಡೆಟ್ರಾಯಿಟ್‌ನಿಂದ ಶಿಕಾಗೊಗೆ ಹೋಗುವ ಹಾದಿಯಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ.

ಮೊದಲ ನಿಲ್ದಾಣ ಇಪ್ಸಿಲ್ಯಾಂಟಿ. ನಾರ್ತ್‌ವಿಲ್‌ನಿಂದ ಅರ್ಧ ಗಂಟೆಯ ದಾರಿ. 1931ರಿಂದ 1991ರವರೆಗೆ ಅಲ್ಲಿಯೂ ಸರ್ಕಾರಿ ಮನೋರೋಗ ಆಸ್ಪತ್ರೆ ಇತ್ತು. ತಾವೇ ಕ್ರಿಸ್ತ ಎಂದು ನಂಬಿದ್ದ ಮೂವರನ್ನು ಒಂದೆಡೆ ಕೂಡಿಸಿ ನೋಡಿದ ಮಿಲ್ಟನ್ ರೋಕೀಚ್‌ರ ಪುಸ್ತಕದಿಂದ ಆ ಆಸ್ಪತ್ರೆಗೆ ಲೋಕಪ್ರಸಿದ್ಧಿ. ಆದರೆ ವೈದ್ಯಕೀಯಕ್ಕೆ ಹೆಚ್ಚು ಮುಖ್ಯವಾದ ಘಟನೆ ಬೇರೆ. ಮೆಲ್ಬರ್ನ್‌ನಲ್ಲಿ ಲಿಥಿಯಂ ಬಳಸಿ ಪಳಗಿದ್ದ ಸ್ಯಾಮ್ಯುಯೆಲ್ ಗೆರ್ಶನ್ ಅಲ್ಲಿಗೆ ಬಂದು, ಆರ್ಥರ್ ಯುವೈಲರ್ ಜೊತೆ 1960ರಲ್ಲಿ ಉನ್ಮಾದಕ್ಕೆ ಲಿಥಿಯಂ ನಿರ್ದಿಷ್ಟ ಔಷಧಿ ಎಂದು ವಾದಿಸುವ ಲೇಖನ ಪ್ರಕಟಿಸಿದರು. ನಿಷೇಧದ ನೆನಪು ಇನ್ನೂ ಹಸಿಯಾಗಿದ್ದ ಅಮೆರಿಕಕ್ಕೆ ಈ ಔಷಧಿಯನ್ನು ಮರಳಿ ಪರಿಚಯಿಸಿದ ಬರಹ ಅದು. ‘ನಿರ್ದಿಷ್ಟ’ ಎಂಬ ಆ ಮಾತೇ ಮುಂದಿನ ಪ್ರಶ್ನೆಯನ್ನು ಎತ್ತಿತು. ನಿರ್ದಿಷ್ಟವಾಗಿದ್ದರೆ ಎಲ್ಲರಿಗೂ ಏಕೆ ನಾಟುವುದಿಲ್ಲ?

ಉತ್ತರ ರಕ್ತದಲ್ಲಿದೆ ಎಂದವರು ಎಪ್ಪತ್ತರ ದಶಕದವರು. 1973ರಲ್ಲಿ ಫಿಲಡೆಲ್ಫಿಯಾದ ಮೆಂಡಲ್ಸ್ ಮತ್ತು ಫ್ರೇಸರ್, ಕೆಂಪು ರಕ್ತಕಣದೊಳಗೆ ಲಿಥಿಯಂ ಎಷ್ಟು ಸೇರಿದೆ ಎಂಬುದು ಔಷಧಿ ನಾಟುವುದನ್ನು ಹೇಳಬಲ್ಲದು ಎಂದರು. ಶಿಕಾಗೊದಲ್ಲಿ ಎಲಿಜಬೆತ್ ಡೋರಸ್, ಘನಶ್ಯಾಮ ಪಾಂಡೆ, ಜಾನ್ ಡೇವಿಸ್ ಮೊದಲಾದವರು ಇದೇ ಜಾಡು ಹಿಡಿದು, ಲಿಥಿಯಂ ರಕ್ತಕಣದ ಪೊರೆ ದಾಟುವ ರೀತಿಯಲ್ಲೇ ಈ ಕಾಯಿಲೆಯ ದೋಷವಿದೆ ಎಂದು 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬೆರಳಿಗಿಂತ ಇದು ಎಷ್ಟೋ ನೇರವಾದ ಕುರುಹು. ಔಷಧಿ ಕೋಶದೊಳಗೆ ಹೋಗುವುದನ್ನೇ ಅಳೆಯುವುದು. ಆದರೂ ಬೇರೆಬೇರೆ ಪ್ರಯೋಗಾಲಯಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದೆ ಆ ಪರೀಕ್ಷೆ ಆಸ್ಪತ್ರೆಯ ಬಾಗಿಲು ದಾಟಲಿಲ್ಲ.

ಮೂರನೆಯ ಕತೆ ಮಿಷಿಗನ್ ವಿಶ್ವವಿದ್ಯಾಲಯದ ಆ್ಯನ್ ಆರ್ಬರ್‌ನದು. 1981ರಲ್ಲಿ ಬರ್ನಾರ್ಡ್ ಕ್ಯಾರಲ್ ಮತ್ತು ಸಂಗಡಿಗರು ರಾತ್ರಿ ಒಂದು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು, ಮರುದಿನ ರಕ್ತದ ಕಾರ್ಟಿಸಾಲ್ ಹಾರ್ಮೋನು ಅಳೆಯುವ ಪರೀಕ್ಷೆಯನ್ನು ಮುಂದಿಟ್ಟರು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಇಳಿದೇ ಇರುತ್ತದೆ; ತೀವ್ರ ಖಿನ್ನತೆಯಲ್ಲಿ ಬೇಗ ಮೇಲೇಳುತ್ತದೆ. ಕಾಯಿಲೆ ಇಲ್ಲದವರನ್ನು ಇಲ್ಲ ಎಂದು ಹೇಳುವುದರಲ್ಲಿ ನೂರಕ್ಕೆ 96ರಷ್ಟು ಸರಿ ಎಂಬ ಅಂಕಿ ಮನೋವೈದ್ಯ ಲೋಕವನ್ನೇ ಕುಣಿಸಿತು. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದ್ದಂತೆ ಮನಸ್ಸಿನ ಕಾಯಿಲೆಗೂ ಒಂದು ಸಿಕ್ಕಿತೆಂದು ಆಸ್ಪತ್ರೆಗಳು ಅದನ್ನು ಬಳಸತೊಡಗಿದವು. ಆಮೇಲೆ ಅರಳುಮರುಳಿನ ರೋಗಿಗಳಲ್ಲಿ, ಮೈತೂಕ ಇಳಿದವರಲ್ಲಿ, ಕುಡಿತ ಬಿಡುತ್ತಿರುವವರಲ್ಲಿ ಎಲ್ಲ ಅದೇ ಫಲಿತಾಂಶ ಬರತೊಡಗಿತು. ಕಾಯಿಲೆಯ ಜೀವವಿಜ್ಞಾನದ ಬಗ್ಗೆ ಆ ಪರೀಕ್ಷೆ ನಿಜವನ್ನೇ ಹೇಳಿತ್ತು. ಎದುರಿಗಿರುವ ರೋಗಿಯ ಬಗ್ಗೆ ಹೇಳಲು ಸೋತಿತು.

ನಾಲ್ಕನೆಯ ಕತೆ ಈ ಹೆದ್ದಾರಿಯಿಂದ ಆಚೆಯದು, ಅದರಲ್ಲಿ ನಮ್ಮ ಕರಾವಳಿಯದೂ ಪಾತ್ರವಿದೆ. 2014ರಲ್ಲಿ ತೈವಾನ್‌ನ ಸಂಶೋಧಕರು ಒಂದು ವಂಶವಾಹಿಯ ಗುರುತು ಲಿಥಿಯಂ ನಾಟುವವರನ್ನು ನೂರಕ್ಕೆ 93ರಷ್ಟು ಹಿಡಿಯುತ್ತದೆ ಎಂದು ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಅದು ಸಿಗಲಿಲ್ಲ. ಉಡುಪಿ ಜಿಲ್ಲೆಯ ಮಣಿಪಾಲದ ತಂಡ 2015ರಲ್ಲಿ ಇಲ್ಲಿಯ ರೋಗಿಗಳಲ್ಲಿ ಪರೀಕ್ಷಿಸಿ, ಆ ವಂಶವಾಹಿಗೂ ಲಿಥಿಯಂ ಫಲಕ್ಕೂ ನಂಟಿಲ್ಲ ಎಂದು ವರದಿ ಮಾಡಿತು. ಇಂಥ ‘ಇಲ್ಲ’ಗಳಿಗೆ ಹೊಗಳಿಕೆ ಸಿಗುವುದು ಕಡಿಮೆ. ಆದರೆ ಬೇರೆಯವರ ಗಡಿಸಂಖ್ಯೆ ನಮ್ಮವರ ಮೇಲೆ ಹೇರಿಕೆಯಾಗದಂತೆ ಕಾಯುವುದು ಅವೇ.

ಅಂದಿನ ಹಾರ್ಮೋನು, ಇಂದಿನ ಹಾರ್ಮೋನು

ಹಾಗಾದರೆ ಹಾರ್ಮೋನಿಗೂ ಬೈಪೋಲಾರ್‌ಗೂ ಸಂಬಂಧವೇ ಇಲ್ಲವೇ? ಇದೆ, ಕಣ್ಣಿಗೆ ರಾಚುವಷ್ಟಿದೆ. ಆದರೆ ಅದು ತಾಯ ಗರ್ಭದಲ್ಲಿದ್ದಾಗಿನ ಹಾರ್ಮೋನಲ್ಲ, ಇಂದು ಮೈಯಲ್ಲಿ ಹರಿಯುತ್ತಿರುವುದು. ಹೆರಿಗೆಯಾದ ದಿನಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿರೋನ್ ಬಂಡೆಯಿಂದ ಬಿದ್ದಂತೆ ಇಳಿಯುತ್ತವೆ, ಜೊತೆಗೆ ನಿದ್ದೆಯಿಲ್ಲ. ತೀವ್ರ ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಗ ಉನ್ಮಾದ ಅಥವಾ ಚಿತ್ತಭ್ರಮೆ ಕೆರಳಬಹುದು. ನಮ್ಮ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎಂದು ಕರೆದು, ಗಾಳಿ ಸೋಕಿತೆಂದು ಕೋಣೆಯ ಕಿಟಕಿ ಮುಚ್ಚುತ್ತಿದ್ದುದು ಇದಕ್ಕೇ. ನಿಮ್ಹಾನ್ಸ್ 2009ರಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸುವ ವಿಭಾಗ ತೆರೆಯಿತು. ಭಾರತದಲ್ಲಿ ಅಂಥದು ಅದೇ ಮೊದಲು. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಡೆಟ್ರಾಯಿಟ್‌ಗೆ ಹಾರಿ ಬರುವ ಅಮ್ಮಂದಿರು ಮೆಂತ್ಯದ ಹಿಟ್ಟಿನ ಜೊತೆ ಈ ತಿಳಿವಳಿಕೆಯನ್ನೂ ತಂದರೆ ಒಳ್ಳೆಯದು. ಬಾಣಂತಿಗೆ ಮೂರು ರಾತ್ರಿ ನಿದ್ದೆಯಿಲ್ಲದೆಯೂ ದಣಿವೇ ಆಗದಿದ್ದರೆ ಅದು ಖುಷಿಯ ಲಕ್ಷಣವಲ್ಲ.

ಮೈಮೇಲಿನ ಗುರುತುಗಳು ದಾರಿ ತಪ್ಪಿಸುವುದಕ್ಕೂ ಇಲ್ಲೊಂದು ಉದಾಹರಣೆ ಇದೆ. ಬೈಪೋಲಾರ್ ಇರುವ ಯುವತಿಗೆ ಮುಖದಲ್ಲಿ ಕೂದಲು, ಮೊಡವೆ, ಏರುಪೇರಾದ ಮುಟ್ಟು ಕಂಡರೆ ಹುಟ್ಟಿನಿಂದಲೇ ಗಂಡು ಹಾರ್ಮೋನು ಜಾಸ್ತಿ ಎಂದು ಬಗೆಯುವುದು ಸುಲಭ. ನಿಜವಾದ ಕಾರಣ ಆಕೆ ನುಂಗುತ್ತಿರುವ ವಾಲ್‌ಪ್ರೊಯೇಟ್ ಇರಬಹುದು. 2006ರ ಅಮೆರಿಕದ ಅಧ್ಯಯನವೊಂದರಲ್ಲಿ ಆ ಔಷಧಿ ತೆಗೆದುಕೊಂಡ ಹೆಂಗಸರಲ್ಲಿ ನೂರಕ್ಕೆ 10.5ರಷ್ಟು ಮಂದಿಗೆ ಹೊಸದಾಗಿ ಇಂಥ ಲಕ್ಷಣಗಳು ಕಂಡವು. ಬೇರೆ ಔಷಧಿಗಳವರಲ್ಲಿ 1.4ರಷ್ಟು. ಅದೇ ವಾಲ್‌ಪ್ರೊಯೇಟ್ ಗರ್ಭಿಣಿಯ ಹೊಟ್ಟೆ ಸೇರಿದರೆ ಹತ್ತರಲ್ಲಿ ಒಂದು ಮಗುವಿಗೆ ಅಂಗವೈಕಲ್ಯದ ಅಪಾಯವಿದೆ, ಮೂರನೇ ಒಂದು ಪಾಲಿನಷ್ಟು ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಗರ್ಭಕಾಲದ ಬಗ್ಗೆ ಚಿಂತಿಸುವವರು ಮೊದಲು ಚಿಂತಿಸಬೇಕಾದದ್ದು ಇದರ ಬಗ್ಗೆ.

ಹಾರ್ಮೋನಿನ ಹಾದಿಯಿಂದ ಹೊಸ ಔಷಧಿಯೂ ಬಂದಿದೆ. ಸ್ತನ ಕ್ಯಾನ್ಸರಿಗೆ ಕೊಡುವ, ಈಸ್ಟ್ರೋಜನ್‌ಗೆ ಅಡ್ಡ ಬರುವ ಟ್ಯಾಮಾಕ್ಸಿಫೆನ್ ಉನ್ಮಾದವನ್ನೂ ತಗ್ಗಿಸುತ್ತದೆ ಎಂದು 2007-08ರ ಸುಮಾರಿಗೆ ಸಣ್ಣ ಅಧ್ಯಯನಗಳು ತೋರಿಸಿದವು. ಲಿಥಿಯಂ ತಡೆಯುವ ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವವನ್ನೇ ಅದೂ ತಡೆಯುತ್ತದೆ. ಟ್ಯಾಮಾಕ್ಸಿಫೆನ್‌ನಿಂದ ಹುಟ್ಟುವ ಎಂಡಾಕ್ಸಿಫೆನ್ ಅನ್ನು ಶಿಕಾಗೊ ಬಳಿಯ ಲಿಬರ್ಟಿವಿಲ್‌ನ ಜೀನಾ ಫಾರ್ಮಸ್ಯೂಟಿಕಲ್ಸ್ ಅಭಿವೃದ್ಧಿಪಡಿಸಿತು. ಭಾರತದ ರೋಗಿಗಳಲ್ಲಿ ಪರೀಕ್ಷೆ ನಡೆದು, ಇಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿದೆ. ಹಾರ್ಮೋನಿನ ಹಾದಿಯಿಂದ ಬಂದ ಈ ಔಷಧಿಯೂ ಕೆಲಸ ಮಾಡುವುದು ಇಂದಿನ ಮಿದುಳಿನ ಮೇಲೆ.

ನಿಜವಾಗಿ ಏನು ಹೇಳುತ್ತದೆ?

ಲಿಥಿಯಂ ಯಾರಿಗೆ ನಾಟುತ್ತದೆ ಎಂಬುದಕ್ಕೆ ಇಂದು ಇರುವ ನಂಬಲರ್ಹ ಸುಳಿವುಗಳು ಹಳೆಯವು, ಖರ್ಚಿಲ್ಲದವು. ಕಾಯಿಲೆ ಸರದಿಗಳಲ್ಲಿ ಬಂದು, ನಡುವೆ ಪೂರ್ತಿ ವಾಸಿಯಾಗುತ್ತಿದ್ದರೆ ಒಳ್ಳೆಯ ಸೂಚನೆ. ಮೊದಲು ಉನ್ಮಾದ, ಆಮೇಲೆ ಖಿನ್ನತೆ, ಆಮೇಲೆ ನೆಮ್ಮದಿ ಎಂಬ ಅನುಕ್ರಮವಿದ್ದರೆ ಒಳ್ಳೆಯ ಸೂಚನೆ. ಏರಿಳಿತ ತೀರಾ ಬೇಗಬೇಗ ಆಗುತ್ತಿದ್ದರೆ ಅಷ್ಟು ಒಳ್ಳೆಯದಲ್ಲ. ಎಲ್ಲಕ್ಕಿಂತ ಬಲವಾದ ಸುಳಿವು ಮನೆತನದ್ದು. ಕೆನಡಾದ ಪಾಲ್ ಗ್ರೋಫ್ ಮತ್ತು ಸಂಗಡಿಗರು 2002ರಲ್ಲಿ ಕಂಡಂತೆ, ಲಿಥಿಯಂ ಚೆನ್ನಾಗಿ ನಾಟಿದವರ ಬೈಪೋಲಾರ್ ಇರುವ ಬಂಧುಗಳಲ್ಲಿ ನೂರಕ್ಕೆ 67 ಮಂದಿಗೆ ಅದು ನಾಟಿತು. ಹೋಲಿಕೆಯ ಗುಂಪಿನಲ್ಲಿ 35 ಮಂದಿಗೆ.

ವಂಶವಾಹಿಗಳ ದೊಡ್ಡ ಹುಡುಕಾಟವೂ ನಡೆದಿದೆ. ಹಲವು ದೇಶಗಳ ಒಕ್ಕೂಟ 2016ರಲ್ಲಿ 2563 ರೋಗಿಗಳನ್ನು ಸೋಸಿ 21ನೆಯ ವರ್ಣತಂತುವಿನ ಒಂದು ಜಾಗಕ್ಕೆ ಬೊಟ್ಟು ಮಾಡಿತು. ಸ್ಕಿಜೋಫ್ರೀನಿಯಾದ ವಂಶವಾಹಿ ಭಾರ ಹೆಚ್ಚಿದ್ದಷ್ಟೂ ಲಿಥಿಯಂ ನಾಟುವುದು ಕಡಿಮೆ ಎಂದು 2018ರಲ್ಲಿ ಕಂಡಿತು. ಇವು ಯಾವುವೂ ಇನ್ನೂ ಚೀಟಿ ಬರೆಯುವ ಮಟ್ಟಕ್ಕೆ ಬಂದಿಲ್ಲ. ಹೆಚ್ಚು ಕುತೂಹಲದ್ದು ಕಾಂಡಕೋಶದ ಕೆಲಸ. ರೋಗಿಯ ಚರ್ಮದ ಕೋಶಗಳನ್ನು ಹಿಂದಕ್ಕೆ ಒಯ್ದು, ಗಾಜಿನ ತಟ್ಟೆಯಲ್ಲಿ ನರಕೋಶಗಳಾಗಿ ಬೆಳೆಸುವುದು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆ 2015ರಲ್ಲಿ ತೋರಿಸಿದಂತೆ ಬೈಪೋಲಾರ್ ಇರುವವರ ಇಂಥ ನರಕೋಶಗಳು ಅತಿಯಾಗಿ ಚುರುಕು. ಲಿಥಿಯಂ ನಾಟುವ ರೋಗಿಗಳ ಕೋಶಗಳನ್ನಷ್ಟೇ ಲಿಥಿಯಂ ತಣಿಸಿತು. ಗರ್ಭಕಾಲವನ್ನು ಬೆರಳಿನಲ್ಲಿ ಹುಡುಕುವ ಬದಲು, ಆ ಕಾಲವನ್ನೇ ತಟ್ಟೆಯಲ್ಲಿ ಮತ್ತೆ ನಡೆಸಿ ನೋಡುವ ವಿದ್ಯೆ ಇದು.

ಆ್ಯನ್ ಆರ್ಬರ್‌ನಲ್ಲೂ ಸ್ಯೂ ಓಶೇ ಅವರ ತಂಡ 2014ರಲ್ಲಿ ಇಂಥದೇ ಕೋಶಗಳ ಅಧ್ಯಯನ ಪ್ರಕಟಿಸಿತು. ಅದಕ್ಕೆ ಬೆನ್ನೆಲುಬಾದದ್ದು ಅಲ್ಲಿಯ ಪ್ರೆಕ್ಟರ್ ಬೈಪೋಲಾರ್ ಸಂಶೋಧನಾ ಕಾರ್ಯಕ್ರಮ. ಕಾರುಗಳಿಗೆ ಸನ್‌ರೂಫ್ ಕೂರಿಸುವ ಉದ್ಯಮ ಕಟ್ಟಿ ಡೆಟ್ರಾಯಿಟ್‌ನ ಗಣ್ಯರಾಗಿದ್ದ ಹೈನ್ಸ್ ಪ್ರೆಕ್ಟರ್ ಈ ಕಾಯಿಲೆಯೊಂದಿಗೆ ಬದುಕಿ 2001ರಲ್ಲಿ ತಮ್ಮ ಜೀವ ತೆಗೆದುಕೊಂಡರು. ಪತ್ನಿ ವಾಲ್ಟ್ರಾಡ್ ಆ ಸಾವನ್ನು ಮುಚ್ಚಿಡಲಿಲ್ಲ. ಗಂಡನ ಹೆಸರಿನಲ್ಲೇ ಸಂಶೋಧನೆಗೆ ನಿಧಿ ಕೂಡಿಸಿದರು. 2005ರಿಂದ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ನಿದ್ದೆ, ಮನಸ್ಥಿತಿ, ಔಷಧಿ, ಕುಟುಂಬದ ವಿವರಗಳನ್ನು ಬರೆದಿಡುವ ಕೆಲಸ ನಡೆಯುತ್ತಿದೆ. ಫೋನಿನಲ್ಲಿ ಮಾತಾಡುವ ದನಿಯ ಏರಿಳಿತದಿಂದ ಮುಂದಿನ ಸರದಿಯನ್ನು ಹಿಡಿಯಲು ಆಗುವುದೇ ಎಂಬ ಪ್ರಯತ್ನವೂ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ ನಡೆಸುವ ಅಧ್ಯಯನವೂ ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗ ಇರುವ ಕುಟುಂಬಗಳನ್ನೇ ಹುಡುಕಿ ಹೋಗುತ್ತದೆ. ಎರಡೂ ಕಡೆ ಸಂಶೋಧಕರು ಅಳೆಯುತ್ತಿರುವುದು ಒಂದು ಕ್ಷಣದ ಗುರುತನ್ನಲ್ಲ, ಕಾಯಿಲೆಯ ಚರಿತ್ರೆಯನ್ನು.

ನಮ್ಮ ಕುಟುಂಬಗಳಲ್ಲಿ ಸಿಗದಿರುವುದು ಇದೇ ಚರಿತ್ರೆ. ಬೆರಳು ಅಳೆಯಬೇಕೆಂದರೆ ಯಾರೂ ಬೇಡವೆನ್ನುವುದಿಲ್ಲ. ನಾವು ಕೈ ಚಾಚುವುದರಲ್ಲಿ ಪಳಗಿದವರು. ‘ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ?’ ಎಂದು ವೈದ್ಯರು ಕೇಳಿದಾಗ ಮಾತ್ರ ಕೋಣೆಯಲ್ಲಿ ಮೌನ. ವಾರಗಟ್ಟಲೆ ನಿದ್ದೆಗೆಟ್ಟು ಊರೆಲ್ಲ ಸುತ್ತಿ ಹೊಲ ಮಾರಿ ಬಂದ ದೊಡ್ಡಪ್ಪ, ಎರಡನೇ ಹೆರಿಗೆಯಾದ ಮೇಲೆ ಬಾವಿಯ ಹತ್ತಿರ ಸಿಕ್ಕ ಸೋದರತ್ತೆ, ಇವರ ಸುದ್ದಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ಊರಿನಲ್ಲಿ; ವೀಸಾಕ್ಕೆ, ನೌಕರಿಗೆ ತೊಂದರೆಯಾದೀತು ಎಂಬ ಅಂಜಿಕೆ ಹೊರದೇಶದಲ್ಲಿ. ದೊಡ್ಡಪ್ಪ ಆಮೇಲೆ ಹೇಗೆ ಸುಧಾರಿಸಿಕೊಂಡ, ಯಾವ ಗುಳಿಗೆ ನುಂಗುತ್ತಿದ್ದ, ಎಷ್ಟು ವರ್ಷ ನುಂಗಿದ ಎಂಬುದು ನಾರ್ತ್‌ವಿಲ್‌ನಲ್ಲಿರುವ ಅವನ ತಮ್ಮನ ಮಗಳಿಗೆ ಇಂದು ಬೇಕಾಗಿರುವ ಮಾಹಿತಿ. ಅದನ್ನು ಯಾವ ಕ್ಯಾಲಿಪರ್‌ನಿಂದಲೂ ಅಳೆಯಲಾಗದು.

ಅವನ ಹಳೆಯ ಔಷಧಿ ಚೀಟಿ ಊರ ಮನೆಯ ಟ್ರಂಕಿನಲ್ಲಿ, ಪಹಣಿ ಪತ್ರಗಳ ಕೆಳಗೆ ಇನ್ನೂ ಇರಬಹುದು. ಮುಂದಿನ ಭಾನುವಾರ ಊರಿಗೆ ಫೋನು ಮಾಡಿದಾಗ ಮಳೆ ಬೆಳೆ ಕೇಳಿ ಮುಗಿಸಿದ ಮೇಲೆ, ಅದನ್ನು ಹುಡುಕಿ ಫೋಟೊ ಕಳಿಸಿ ಎಂದು ಕೇಳಿ ನೋಡಿ.